ಪರಸ್ಥಾನಕ್ಕಿಟ್ಟ ಚೀಲ

ಸಿಟ್ಟು ಬಂದಾಗ ಕೆಳಗಿನ ಮನೆ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಎದೆಯ ಮೇಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಎಡ ಭುಜದ ಮೇಲಿಂದ ಬೆನ್ನಿಗೆ ಸರಿಸಿಕೊಳ್ಳುವುದು. "ಇನ್ಮೇಲೆ ಆಡೋ ಮಾತು ಶಿವ ಕೇಳಿಸ್ಕೊಳ್ಳೋದು ಬ್ಯಾಡ" ಅನ್ನುತ್ತಿದ್ದರು. ಕರಡಿಗೆ ಹಿಂದಕ್ಕೆ ಹೋಯಿತೆಂದರೆ ಮದ್ರಾಸಿನ ತಿರುವೊಟ್ಟಿಯೂರಿನ ನಮ್ಮ ಬೀದಿಯಲ್ಲಿ ಮೀನಿನವಳಿಂದ ಹಿಡಿದು ಮೀಟರ್ ನೋಡಲು ಬರುವವನವರೆಗೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು.

ಅವರು ತೀರಿಕೊಂಡ ದಿನ ಬಂದವರೆಲ್ಲ ಒಂದೇ ಮಾತಾಡಿದರು: "ಬಾಯಿ ಜೋರು, ಮನಸ್ಸು ಮಾತ್ರ ಬೆಣ್ಣೆ." ನನಗೆ ಮೈಯೆಲ್ಲ ಉರಿಯಿತು. ಅವರ ಬಾಯಿಯ ಪರವಾಗಿ ಇವರು ಯಾಕೆ ಕ್ಷಮೆ ಕೇಳಬೇಕು? ಆ ಬಾಯಿ ಇಲ್ಲದಿದ್ದರೆ ನಾನು ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಅಜ್ಜಿ ತಿಪಟೂರಿನವರು. ಗಂಡನಿಗೆ ಮದ್ರಾಸಿನಲ್ಲಿ ಕೊಬ್ಬರಿ ಮಂಡಿ ಇತ್ತು. ಮದುವೆಯಾಗಿ ಬಂದದ್ದು ಕೊಬ್ಬರಿ ಲಾರಿಯಲ್ಲೇ, ಮೂಟೆಗಳ ಮೇಲೆ ಕೂತು. ನಾವು ಮೈಸೂರಿನವರು, ಅವರ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಮಣಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅಮ್ಮ ದಿನದ ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡದೆ ತರಕಾರಿಗೂ ಹೋಗುತ್ತಿರಲಿಲ್ಲ. ಅಜ್ಜಿಗೆ ಅದೆಲ್ಲ ತಮಾಷೆ. "ನಮ್ಗೆ ರಾಹುವೂ ಇಲ್ಲ ಗುಳಿಕನೂ ಇಲ್ಲ. ಶಿವ ಕೊಟ್ಟ ದಿನ ಎಲ್ಲಾ ಒಳ್ಳೇವೇ" ಅನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನನ್ನ ಕಾಲೇಜೂ ಮುಗಿಯಿತು. ನಾನು, ಗೆಳತಿಯರಾದ ಶಾಂತಿ, ಮೇರಿ ಮೂವರೂ ಸೈಕಲ್ಲಿನಲ್ಲಿ ಕನ್ಯಾಕುಮಾರಿಗೆ ಹೋಗುವುದೆಂದು ನಿಶ್ಚಯಿಸಿದೆವು. ನಮ್ಮ ಸಾಮಾನು ನಮ್ಮ ಸೈಕಲ್ಲಿನ ಮೇಲೆ, ನಮ್ಮ ಪಂಕ್ಚರ್ ನಮ್ಮ ಕೈಯಲ್ಲಿ, ನಮ್ಮ ಅನ್ನ ನಮ್ಮ ಸ್ಟವ್ವಿನಲ್ಲಿ. ಹಿಂದೆ ಕಾರು, ಅಣ್ಣ, ಮಾಮ ಯಾರೂ ಇಲ್ಲ. ಅಪ್ಪ ಒಪ್ಪಿಕೊಂಡಿದ್ದರು.

ಕ್ಯಾರಿಯರಿನ ಎರಡೂ ಕಡೆ ಜೋತು ಬೀಳುವ ಚೀಲ ಅಂಗಡಿಗಳಲ್ಲಿ ಸಿಗಲಿಲ್ಲ. ಅಜ್ಜಿ ಮಂಡಿಯ ಹಳೆಯ ಟಾರ್ಪಾಲು ತಂದು ತಮ್ಮ ಹೊಲಿಗೆ ಮಿಷನ್ನಿನಲ್ಲಿ ಹೊಲಿಯಲು ಕೂತರು. ನಾಲ್ಕು ಸೂಜಿ ಮುರಿದವು, ಪ್ರತಿ ಸೂಜಿಗೂ ನನಗೆ ಬೈಗುಳ. ಚೀಲ ಸಿದ್ಧವಾದ ಮೇಲೆ ಅದರ ತುಂಬ ತೆಂಗಿನಕಾಯಿ ತುಂಬಿದರು. "ಖಾಲಿ ಸೈಕಲ್ ಯಾರು ಬೇಕಾದ್ರೂ ತುಳೀತಾರೆ. ಇದನ್ನ ಹೊತ್ಕಂಡು ಎಣ್ಣೂರಿಗೋಗಿ ಬಾ. ಒಂದು ಕಾಯಿ ಒಡೆದ್ರೂ ನಿನ್ ತಲೆ ಒಡೀತೀನಿ." ಒಂದು ತಿಂಗಳು ಬೆಳಗಾದರೆ ನಾವು ಮೂವರು ಕಂಟೇನರ್ ಲಾರಿಗಳ ಧೂಳು ಕುಡಿಯುತ್ತ ಎಣ್ಣೂರಿಗೆ ತೆಂಗಿನಕಾಯಿಗಳನ್ನು ಗಾಳಿಸವಾರಿ ಮಾಡಿಸಿಕೊಂಡು ಬಂದೆವು. ಒಡೆದ ಕಾಯಿಗಳ ಚಟ್ನಿಯನ್ನು ಅವರೇ ಮಾಡಿ ಬಡಿಸುತ್ತಿದ್ದರು, ಬೈಯುತ್ತಲೇ.

ಹೊರಡುವ ದಿನ ಮಂಗಳವಾರ ಬಂತು. ಶಾಂತಿ ಕೆಲಸಕ್ಕೆ ಸೇರಬೇಕಿತ್ತು, ಮುಂದೆ ಹಾಕುವ ಹಾಗಿರಲಿಲ್ಲ. ಮಂಗಳವಾರ ಹೆಣ್ಣುಮಕ್ಕಳು ಮನೆಯಿಂದ ಹೊರಡಬಾರದೆಂದು ಅಮ್ಮ ಹಟ ಹಿಡಿದಳು, ಆಮೇಲೆ ಅವಳೇ ಪರಸ್ಥಾನದ ದಾರಿ ಹುಡುಕಿದಳು. ದಿನ ಸರಿಯಿಲ್ಲದಿದ್ದರೆ ಒಳ್ಳೆಯ ಹೊತ್ತಿನಲ್ಲಿ ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಭಾನುವಾರ ಅಮ್ಮ ನನ್ನ ಚೀಲಗಳಿಗೆ ಕುಂಕುಮವಿಟ್ಟು ಕೆಳಗಿನ ಮನೆಯಲ್ಲಿಟ್ಟಳು. "ಇಟ್ಟ ಮೇಲೆ ವಾಪಸ್ ತರಬಾರದು, ಮನೆಗೆ ಆಗಿಬರಲ್ಲ" ಎಂದೂ ಹೇಳಿದಳು. ಅಜ್ಜಿಗೆ ನಗು. "ಚೆನ್ನಾಗೈತೆ. ಚೀಲ ಹೊರಡ್ತು, ಆಳು ಇಲ್ಲೇ."

ಸೋಮವಾರ ಮಧ್ಯಾಹ್ನ ಮೈಸೂರಿನಿಂದ ದೊಡ್ಡಪ್ಪ ಬಂದರು. ಕಾಲು ತೊಳೆಯುವ ಮೊದಲೇ ಅಪ್ಪನಿಗೆ, "ಬುದ್ಧಿ ಇದೆಯೇನೋ ನಿನಗೆ? ಹುಡುಗೀನ ರಸ್ತೇಲಿ ಮಲಗಿಸ್ತೀಯಾ?" ಎಂದರು. ಕಾರ್ಖಾನೆಯಲ್ಲಿ ಅಷ್ಟೊಂದು ಜನರನ್ನು ಆಳುವ ಅಪ್ಪ ಒಂದೇ ಮಾತಿಗೆ ನೆಲ ನೋಡಿದರು. "ಅಣ್ಣ ಹೇಳೋದೂ ಸರಿ ಅನ್ಸತ್ತೆ" ಎಂದು ನನಗೆ ಹೇಳಿದರು. ಕೊಟ್ಟ ಮಾತು ಅಷ್ಟು ಸಲೀಸಾಗಿ ನುಂಗಿಬಿಟ್ಟರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಆರಿಲ್ಲ. ಚೀಲ ತರಲು ಅವರು ಕೆಳಗಿಳಿದರು. ಹಲ್ಲು ಕಚ್ಚಿಕೊಂಡು ನಾನೂ ಹಿಂದೆ ಹೋದೆ.

"ಅಮ್ಮಾ, ಆ ಚೀಲಗಳನ್ನ ಕೊಟ್ಬಿಡಿ. ಪ್ರೋಗ್ರಾಂ ಕ್ಯಾನ್ಸಲ್ ಆಯ್ತು" ಎಂದರು ಅಪ್ಪ.

ಕಾಯಿ ತುರಿಯುತ್ತಿದ್ದ ಅಜ್ಜಿ ನನ್ನ ಮುಖ ನೋಡಿ ಎದ್ದರು. ಕರಡಿಗೆ ಬೆನ್ನಿಗೆ ಹೋಯಿತು.

"ಪರಸ್ತಾನಕ್ಕಿಟ್ಟಿದ್ದು ವಾಪಸ್ ಬರಬಾರ್ದು ಅಂತ ನಿಮ್ಮ ಮನೆಯವರೇ ಹೇಳವ್ರೆ ಇಂಜಿನಿಯರ್ರೇ. ಮನೆಗೆ ಆಗಿಬರಲ್ವಂತೆ. ನನಗೆ ಅದರಾಗೆ ನಂಬಿಕೆ ಇಲ್ಲ. ನಿಮಗೈತಲ್ಲ?"

ದೊಡ್ಡಪ್ಪ ಮೆಟ್ಟಿಲ ಮೇಲಿಂದಲೇ, "ಇದು ನಮ್ಮ ಮನೆ ವಿಷಯ" ಎಂದರು.

"ಚೀಲ ನನ್ನ ಮನೇಲೈತೆ ಸ್ವಾಮಿ. ಹೊಲಿದೋಳೂ ನಾನೇ. ನಾಳೆ ಆ ಹುಡುಗಿ ಬಂದು ತಗಂಡೋಗ್ತಾಳೆ, ಇಲ್ಲಾಂದ್ರೆ ಇಲ್ಲೇ ಕೊಳೀತೈತೆ. ಬಿದ್ರೆ ಅವಳೇ ಏಳ್ತಾಳೆ. ನಾನು ಈ ಊರಿಗೆ ಬಂದಿದ್ದು ಮೂಟೆ ಜೊತೆ ಮೂಟೆಯಾಗಿ. ನಾನಾಗಿ ಎಲ್ಲಿಗೂ ಹೊರಟೋಳಲ್ಲ. ಇವಳು ಹೊರಡ್ಲಿ. ಪೋದುಮಾ, ಸಾಕಾ?"

ಆಗ ಮೇಲಿನಿಂದ ಅಮ್ಮನ ದನಿ ಕೇಳಿತು. ಭಾವನ ಎದುರು ಅವಳು ಬಾಯಿ ತೆರೆದದ್ದು ಅದೇ ಮೊದಲು. "ವಾಪಸ್ ತರೋದು ಬೇಡಾರೀ. ಒಳ್ಳೇದಲ್ಲ." ಬಸ್ಸು ಹತ್ತುವುದಕ್ಕೂ ಪಂಚಾಂಗ ನೋಡುವ ದೊಡ್ಡಪ್ಪ ಅಲ್ಲಿಂದಲೇ ತಿರುಗಿ ಕಾಲು ತೊಳೆಯಲು ಮೇಲೆ ಹೋದರು.

ಮರುದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ಒಂದು ಕಂಟೇನರ್ ಲಾರಿ ಅಡ್ಡ ನಿಂತಿತ್ತು. ಅಜ್ಜಿ ಬರಿಗಾಲಲ್ಲೇ ನಮಗಿಂತ ಮುಂದೆ ಹೋಗಿ ಅದರ ಬಾಗಿಲು ಬಡಿದರು. "ವಂಡಿಯ ಎಡುಪ್ಪಾ, ಮೂಣು ಪೇರು ಪೋಗಣುಂ." ಗಾಡಿ ತೆಗಿ, ಮೂರು ಜನ ಹೋಗಬೇಕು. ಲಾರಿ ಹಿಂದೆ ಸರಿಯಿತು. ಅವರು ನಮಗೆ ಟಾಟಾ ಮಾಡಲಿಲ್ಲ, ಇನ್ನೂ ಡ್ರೈವರನನ್ನು ಬೈಯುತ್ತಲೇ ಇದ್ದರು. ಮೊದಲ ದಿನವೇ ನಾನು ಎರಡು ಸಲ ಬಿದ್ದೆ, ಎರಡು ಸಲವೂ ನಾನೇ ಎದ್ದೆ. ಕನ್ಯಾಕುಮಾರಿಯನ್ನೂ ಮುಟ್ಟಿದೆವು.

ಎಂಟೊಂಬತ್ತು ವರ್ಷಗಳ ನಂತರ, ಗಂಡ ಹೋದ ಮೇಲೆ, ಅಜ್ಜಿಗೆ ತಿಪಟೂರಿನ ತಂಗಿಯ ಮನೆಗೆ ಹೋಗಬೇಕೆನಿಸಿತು. ಮಗ ಮಳೆ ಮುಗೀಲಿ ಅಂದ, ಮಕ್ಕಳ ಪರೀಕ್ಷೆ ಮುಗೀಲಿ ಅಂದ, ಒಬ್ಬಳನ್ನೇ ಹೇಗೆ ಕಳಿಸೋದು ಅಂದ. ಒಂದು ದಿನ ಅವರು ಮೊಣಕಾಲು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸೀರೆಯ ಗಂಟು.

"ಪರಸ್ತಾನ" ಎಂದರು.

"ನಂಬಿಕೆ ಇಲ್ಲ ಅಂತಿದ್ರಲ್ಲಜ್ಜಿ?"

"ನಂಬಿಕೆ ಇಲ್ಲ ಕಣವ್ವ. ಆದ್ರೆ ಕೆಲಸ ಮಾಡ್ತೈತೆ, ನೋಡಿದೀನಲ್ಲ."

ಊರಿಗೆ ಹೊರಡುವ ಮೊದಲೇ, ಆ ವಾರವೇ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಮಗ ಮೇಲೆ ಬಂದ. "ಅಮ್ಮನ ಗಂಟು ಇಲ್ಲೈತಂತಲ್ಲ. ಕೊಡಿ, ಯಾರಿಗಾದ್ರೂ ಕೊಟ್ಬಿಡ್ತೀನಿ." ಅವನ ಆ ತಣ್ಣಗಿನ ದನಿ ಕೇಳಿ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಹಿಂದಕ್ಕೆ ಸರಿಸಲು ಅಲ್ಲಿ ಏನೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕುರ್ಚಿಯಿಂದೆದ್ದು ನನ್ನ ಪಕ್ಕ ಬಂದು ನಿಂತರು.

"ಪರಸ್ಥಾನಕ್ಕಿಟ್ಟದ್ದು ವಾಪಸ್ ಹೋಗಬಾರದು ಕಣಪ್ಪಾ. ನಿಮ್ಮಮ್ಮನೇ ನನಗೆ ಹೇಳಿದ್ದು."

ಅಟ್ಟದಿಂದ ಟಾರ್ಪಾಲಿನ ಚೀಲ ಇಳಿಸಿದೆ. ಅದರಲ್ಲಿ ಇನ್ನೂ ಕೊಬ್ಬರಿಯ ವಾಸನೆಯಿತ್ತು. ತಿಪಟೂರಿನ ದಾರಿಗೆ ಒಂದು ಕಡೆ ನನ್ನ ಬಟ್ಟೆ, ಇನ್ನೊಂದು ಕಡೆ ಅವರ ಗಂಟು. ಸೈಕಲ್ಲನ್ನು ಗೇಟಿನವರೆಗೆ ಅಪ್ಪನೇ ತಳ್ಳಿಕೊಂಡು ಬಂದರು. ಬೀದಿಯ ತುದಿಯಲ್ಲಿ ಎಂದಿನಂತೆ ಕಂಟೇನರ್ ಲಾರಿಯೊಂದು ಅಡ್ಡ ನಿಂತಿತ್ತು. ನಾನು ಇಳಿದು ಅದರ ಬಾಗಿಲು ಬಡಿದೆ.

"ವಂಡಿಯ ಎಡುಪ್ಪಾ, ರೆಂಡು ಪೇರು ಪೋಗಣುಂ."

ಡ್ರೈವರ್ ತಲೆ ಹೊರಗೆ ಹಾಕಿ, ಎರಡನೆಯವರು ಎಲ್ಲಿ ಎಂದು ನನ್ನ ಹಿಂದೆ ಹುಡುಕಿದ. ಆಮೇಲೆ ನನ್ನ ಮುಖ ನೋಡಿ ಗಾಡಿ ಹಿಂದಕ್ಕೆ ತೆಗೆದ.