ಕೈ ಅದುಮಿಟ್ಟು ಕೂರುವ ಸಿದ್ದವ್ವ

ಭಾನುವಾರ. ಹೊತ್ತು ಇನ್ನೂ ಮೂಡಿಲ್ಲ. ಇಂಡಿ ತಾಲ್ಲೂಕಿನ ಹೊರ್ತಿಯಲ್ಲಿ, ನಿಂಬೆ ತೋಟದ ಬಾವಿಯೊಳಗೆ ಇಪ್ಪತ್ತೈದರ ಸಂಪದಾ ಈಜುತ್ತಿದ್ದಾಳೆ. ಹುಟ್ಟಿನಿಂದಲೇ ಸೆಟೆದುಕೊಂಡಿರುವ ಕಾಲುಗಳು ಹಿಂದೆ ತೇಲುತ್ತಿವೆ, ತೋಳುಗಳು ನೀರು ಬಗೆಯುತ್ತಿವೆ. ಮೆಟ್ಟಿಲ ಮೇಲೆ ಕುಳಿತ ಸಿದ್ದವ್ವ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಾರೆ. ದಡಕ್ಕೆ ಬಂದ ಸಂಪದಾ ಕಲ್ಲಿನ ಅಂಚು ಹಿಡಿಯುತ್ತಾಳೆ, ಜಾರುತ್ತಾಳೆ, ಮತ್ತೆ ಹಿಡಿದು ಉಸ್ಸೆಂದು ಮೈಯನ್ನು ಮೇಲೆಳೆದುಕೊಳ್ಳುತ್ತಾಳೆ. ಸಿದ್ದವ್ವ ಮಾತ್ರ ಕೂತಲ್ಲಿಂದ ಕದಲುವುದಿಲ್ಲ.

ಸುಮ್ಮನೆ ಕೂರುವುದೂ ಒಂದು ಕೆಲಸವೇನು ಎಂದು ಮೂಗು ಮುರಿಯುವವರು ಒಮ್ಮೆ ಆ ಮೆಟ್ಟಿಲ ಮೇಲೆ ಕುಳಿತು ನೋಡಬೇಕು. ಜೀವ ಬಾಯಿಗೆ ಬರುತ್ತದೆ! "ಕೈಗೆ ಬುದ್ಧಿ ಇರಂಗಿಲ್ರಿ. ಆಕಿ ಜಾರಿದ್ಲಂದ್ರ ತಾವ ಓಡತಾವು. ಅದಕ್ಕ ಅವನ್ನ ಹಿಂಗ ಬಂದೋಬಸ್ತ ಮಾಡಿ ಇಡತೇನಿ," ಎನ್ನುತ್ತಾರೆ ಸಿದ್ದವ್ವ.

ಅವರ ತವರು ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ. ಮದುವೆಯಾಗಿ ಹೊರ್ತಿಗೆ ಬಂದ ಮೇಲೆ ಗೋವಿಂದರಾಯರ ತೋಟದಲ್ಲಿ ನಿಂಬೆಹಣ್ಣು ಆರಿಸುವ ಕೆಲಸಕ್ಕೆ ಸೇರಿದರು. ರಾಯರ ಮಗಳು ಸಂಪದಾ ಆಗ ಸಣ್ಣವಳು. ಮಗುವನ್ನು ಎತ್ತಿ ಕೂರಿಸಲು ಗಟ್ಟಿ ರಟ್ಟೆಯವರು ಬೇಕಾಗಿದ್ದರು, ಸಿದ್ದವ್ವನನ್ನು ಕರೆದರು. ಅಲ್ಲಿಂದ ಶುರುವಾಯಿತು ನೋಡಿ: ಎಬ್ಬಿಸುವುದು, ಬಚ್ಚಲಿಗೆ ಒಯ್ಯುವುದು, ಕಾಲಿಗೆ ಎಣ್ಣೆ ತಿಕ್ಕುವುದು, ಶಾಲೆಗೆ ಹೊತ್ತು ತಿರುಗುವುದು. "ಆಕಿ ಉದ್ದ ಆದಂಗ ನಾ ಗಿಡ್ಡ ಆದ್ನಿ," ಎಂದು ಸೊಂಟ ಹಿಡಿದುಕೊಂಡು ನಗುತ್ತಾರೆ. ಇಂಥವರನ್ನು ಯಾವ ವೇದಿಕೆಗೆ ಕರೆದು ಶಾಲು ಹೊದಿಸಿದ್ದಾರೆ, ಹೇಳಿ?

ಈಜಿನ ಹುಚ್ಚು ಹಿಡಿದದ್ದು ಸಂಪದಾಳಿಗೇ. ಕೂತು ಕೂತು ಮೈ ಭಾರವಾಗಿ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು ಬರುತ್ತಿತ್ತು. ನೀರಿನಲ್ಲಿ ವ್ಯಾಯಾಮ ಮಾಡಿಸಿ ಎಂದರು ವೈದ್ಯರು. ಈಜುಕೊಳ ಎಲ್ಲಿಂದ ತರುವುದು? ತೋಟದಲ್ಲಿ ಬಾವಿ ಇದೆಯಲ್ಲ ಎಂದಳು ಹುಡುಗಿ. ತಾಯಿ ಭಾಗೀರಥೀಬಾಯಿ ಹೌಹಾರಿದರು. "ನಾ ಇರತೇನಲ್ರಿ ಬಾಯಾರ," ಎಂದು ಸಿದ್ದವ್ವ ಒಪ್ಪಿಸಿದರು.

ಈ ಕಡೆ ಬಾವಿಯಲ್ಲಿ ಈಜು ಕಲಿಸುವ ಪದ್ಧತಿ ಹಳೆಯದು. ಬೆನ್ನಿಗೆ ಒಣಗಿದ ಸೋರೆ ಬುರುಡೆ, ನಡುವಿಗೆ ಹಗ್ಗ, ಹಗ್ಗದ ತುದಿ ಮೆಟ್ಟಿಲ ಮೇಲಿರುವವರ ಕೈಯಲ್ಲಿ. ಮೈ ತೇಲತೊಡಗಿದಂತೆ ಬುರುಡೆ ತೆಗೆಯುತ್ತಾರೆ, ಆಮೇಲೆ ಹಗ್ಗ. ವರ್ಷ ಕಳೆಯುವಷ್ಟರಲ್ಲಿ ಸಂಪದಾಳ ಬೆನ್ನಿನ ಬುರುಡೆ ಹೋಯಿತು, ಸಿದ್ದವ್ವನ ಕೈಯಲ್ಲಿ ಹಗ್ಗವಷ್ಟೇ ಉಳಿಯಿತು. ಆ ದಡದಿಂದ ಈ ದಡಕ್ಕೆ ಹುಡುಗಿ ಸರಾಗವಾಗಿ ಬರುತ್ತಾಳೆ ಎಂದು ಓಣಿಯೆಲ್ಲ ಕೊಂಡಾಡಿತು.

ಒಂದು ದಿನ ಸಿದ್ದವ್ವನಿಗೆ ಜ್ವರ ಬಂತು. ಹಗ್ಗ ಹಿಡಿಯಲು ಗೋವಿಂದರಾಯರು ಹೋದರು. ಹಿಡಿಯಬೇಕಾದ ಹಾಗೆಯೇ, ಸಡಿಲವಾಗಿ ಹಿಡಿದು ಕುಳಿತರು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಮಗಳು ಮುಳುಗಿಯೇಬಿಟ್ಟಳು! ಅವರು ಹಗ್ಗ ಜಗ್ಗಿ ಎಳೆದುಕೊಂಡದ್ದಕ್ಕೆ ಅವಳು ಬರೀ ನೀರು ಕುಡಿದದ್ದರಲ್ಲೇ ಮುಗಿಯಿತು. ಮನೆಯವರೆಲ್ಲ ರಾಯರನ್ನು ತರಾಟೆಗೆ ತೆಗೆದುಕೊಂಡರು. ಸುದ್ದಿ ಕೇಳಿದ ಸಿದ್ದವ್ವ ಜ್ವರದಲ್ಲೇ ಓಡಿ ಬಂದು ಅವರನ್ನು ತಡೆದರು.

"ರಾಯರದು ತಪ್ಪಿಲ್ರಿ, ನಂದು. ಕೂಸು ಮುಳಗಬಾರದಂತ ದಿನಾ ಹಗ್ಗ ಬಿಗಿ ಹಿಡದು, ಆಕಿಗೆ ಗೊತ್ತಾಗದಂಗ ಎಳ್ಯಾಕತ್ತಿದ್ನಿ. ಇಷ್ಟ ದಿನಾ ಈಸಿದ್ದು ಆಕಿ ಅಲ್ರಿ, ನನ್ನ ರಟ್ಟಿ."

ಸಂಪದಾ ಸಿಟ್ಟಿನಿಂದ ಕುದ್ದುಹೋದಳು. ಎರಡು ದಿನ ಸಿದ್ದವ್ವನ ಮುಖ ನೋಡಲಿಲ್ಲ. ಆಮೇಲೆ ತಾನೇ ಹಗ್ಗ ತರಿಸಿಟ್ಟುಕೊಂಡು, "ಬಾ, ಮೊದಲಿಂದ ಕಲಿಯೋಣ. ಈ ಸಲ ಎಳದ್ರ ನಿನ್ನ ಜೋಡಿ ಮಾತ ಬಿಡತೇನಿ ನೋಡು," ಎಂದಳು. ಅಂದಿನಿಂದ ಹಗ್ಗದ ತುದಿ ಸಿದ್ದವ್ವನ ಪಾದಕ್ಕೆ ಕಟ್ಟಿ, ಕೈಗಳು ತೊಡೆಯ ಕೆಳಗೆ. ಹುಡುಗಿ ನೀರು ಕುಡಿದಳು, ಕೆಮ್ಮಿದಳು, ಬೈದಳು, ಕೊನೆಗೆ ಈಜಿದಳು. ತೋಳುಗಳಿಗೆ ಬಲ ಬಂತು. ಮಂಚದಿಂದ ತಾನೇ ಏಳತೊಡಗಿದಳು, ತಲೆ ತಾನೇ ಬಾಚಿಕೊಂಡಳು. ಕೊನೆಗೊಂದು ದಿನ ಹಗ್ಗವೂ ಹೋಯಿತು.

ಆಗಲೇ ಸಿಂದಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹಾಸ್ಟೆಲಿನಲ್ಲಿ ಒಬ್ಬಳೇ ಇರುತ್ತೇನೆ ಎಂದಳು. ಭಾಗೀರಥೀಬಾಯಿ ಸುತಾರಾಂ ಒಪ್ಪಲಿಲ್ಲ. "ಸಿದ್ದವ್ವ ಜೋಡಿ ಬಂದ್ರ ಹೋಗು. ಇಲ್ಲಂದ್ರ ಕೆಲಸಾನೂ ಬ್ಯಾಡ, ಏನೂ ಬ್ಯಾಡ." ಜೊತೆಗೆ ಆಳು ಕಟ್ಟಿಕೊಂಡು ಹೋಗುವುದಾದರೆ ತನಗೂ ಬೇಡ ಎಂದು ಮಗಳು ಪಟ್ಟು ಹಿಡಿದಳು. ಎಲ್ಲರ ಕಣ್ಣು ಸಿದ್ದವ್ವನ ಮೇಲೆ ಬಿತ್ತು. ಹೂಂ ಎಂದಿದ್ದರೆ ತಮ್ಮ ಕೆಲಸವೂ ಉಳಿಯುತ್ತಿತ್ತು, ಮಗಳಂಥ ಹುಡುಗಿಯೂ ಕಣ್ಣೆದುರು ಇರುತ್ತಿದ್ದಳು.

"ನಾ ಹೋದ್ರ ಮತ್ತ ಎತ್ತತೇನ್ರಿ ಬಾಯಾರ. ನನ್ನ ಕೈ ನನಗ ಗೊತ್ತದಾವು. ನಾ ಹೋಗಂಗಿಲ್ಲ. ನೀವ ಒಮ್ಮೆ ಬಾವಿಗೆ ಬಂದು ನೋಡ್ರಿ," ಎಂದರು ಸಿದ್ದವ್ವ. ಹಾಗೆಂದು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಮರುದಿನ ಭಾಗೀರಥೀಬಾಯಿ ಮೊದಲ ಸಲ ಬಾವಿ ಇಳಿದರು. ಮಗಳು ಎರಡು ಸಲ ದಾಟಿ, ಯಾರ ಆಸರೆಯೂ ಇಲ್ಲದೆ ಮೆಟ್ಟಿಲೇರಿ ಕೂತದ್ದನ್ನು ನೋಡಿದರು. ಸಂಜೆ ಅವರೇ ಮಗಳ ಚೀಲ ತುಂಬಲು ಕುಳಿತರು.

ಈಗ ಸಂಪದಾ ವಾರವೆಲ್ಲ ಸಿಂದಗಿಯಲ್ಲಿ, ಭಾನುವಾರ ಈ ಬಾವಿಯಲ್ಲಿ. ಸಿದ್ದವ್ವ ಉಳಿದ ದಿನ ಇಂಡಿಯಲ್ಲಿ, ಲಕ್ವ ಹೊಡೆದ ಜೈನುದ್ದೀನ ಮಾಸ್ತರರ ಆರೈಕೆಗೆ ನಿಂತಿದ್ದಾರೆ. ಚಹಾದ ಕಪ್ಪನ್ನು ಮಾಸ್ತರರೇ ಹಿಡಿಯಬೇಕೆಂದು ಇವರ ಹಠ. ದಿನಾ ಅವರ ಅಂಗಿಯ ಮೇಲೆ ಚಹಾ, ಇವರಿಗೆ ಮಂಗಳಾರತಿ.

ಬಿಸಿಲೇರಿದೆ. ಒದ್ದೆ ತಲೆ ಒರೆಸಿಕೊಳ್ಳುತ್ತಿರುವ ಸಂಪದಾಳ ಮೊಣಕೈಯಲ್ಲಿ ಮಾಯುತ್ತಿರುವ ಗಾಯ ಕಾಣುತ್ತದೆ. ಅದೇನೆಂದು ಕೇಳಿದರೆ ಉತ್ತರ ಸಿದ್ದವ್ವನಿಂದ ಬರುತ್ತದೆ.

"ಸೋಮಾರ ಹಾಸ್ಟೆಲ್ ಬಚ್ಚಲದಾಗ ಬಿದ್ದಿದ್ಲಂತ್ರಿ. ಯಾರನ್ನೂ ಕರದಿಲ್ಲ. ತಾನ ಎದ್ದು, ಜಳಕಾ ಮುಗಿಸಿ, ಕೆಲಸಕ್ಕ ಹೋಗ್ಯಾಳ. ಮೊದಲ ಗಾದಿ ಮ್ಯಾಲಿಂದ ಜಾರಿದ್ರೂ ಓಣಿಗೆಲ್ಲಾ ಕೇಳೂವಂಗ ಸಿದ್ದವ್ವಾ ಅಂತ ಒದರತಿದ್ಲು." ಅವರ ದನಿ ಏರುತ್ತದೆ, ಮುಖವೆಲ್ಲ ನಗೆಯಾಗುತ್ತದೆ. "ನನಗ ದಿನಾ ಫೋನ್ ಮಾಡತಾಳ್ರಿ. ಇದನ್ನ ಯಾಕ ಹೇಳಲಿಲ್ಲ ಅಂತ ಕೇಳಿದ್ರ, ನೆನಪ ಆಗಲಿಲ್ಲಂತ!"