ಪೆಟ್ರೋಲ್ ಟ್ಯಾಂಕಿನ ಕ್ಷೇಮಸಮಾಚಾರ

ನ್ಯೂಜೆರ್ಸಿಯ ಗ್ಯಾರೇಜುಗಳಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲ ವಸ್ತುಗಳೂ ಸುಖವಾಗಿ ವಾಸಿಸುತ್ತವೆ: ಗಣಪತಿ ಹಬ್ಬಕ್ಕೊಮ್ಮೆ ಹೊರಬರುವ ಕೊಪ್ಪರಿಗೆಯಂಥ ಪಾತ್ರೆ, ಯಾರೂ ಓಡದ ಟ್ರೆಡ್‌ಮಿಲ್ಲು, ಮಕ್ಕಳು ಕಾಲೇಜು ಮುಗಿಸಿದರೂ ಎಸೆಯಲು ಮನಸ್ಸು ಬಾರದ ಮೂರು ಗಾಲಿಯ ಸೈಕಲ್ಲು. ಈ ಸನಾತನ ನಿಯಮವನ್ನು ಮುರಿದು ಗ್ಯಾರೇಜಿನಲ್ಲಿ ನಿಜಕ್ಕೂ ಕಾರನ್ನೇ ಇಟ್ಟ ಏಕಮೇವಾದ್ವಿತೀಯ ಮಹಾನುಭಾವ, ವೆಸ್ಟ್ ವಿಂಡ್ಸರಿನ ನಮ್ಮ ಬೀದಿಯ ಮಟ್ಟಿಗೆ, ನಾನೇ. ಒಂದೇ ಕೊರತೆಯೆಂದರೆ ಆ ಕಾರು ಓಡುತ್ತಿರಲಿಲ್ಲ. ಓಡುವ ಕಾರು, ಅಂದರೆ ನನ್ನ ಹೆಂಡತಿ ಸುಮನಾಳದು, ಹೊರಗೆ ಬಿಸಿಲಿಗೂ ಹಿಮಕ್ಕೂ ಮೈಯೊಡ್ಡಿ ನಿಂತಿರುತ್ತಿತ್ತು.

ಐವತ್ತು ದಾಟಿದ ಗಂಡಸರಲ್ಲಿ ಕೆಲವರಿಗೆ ವೇದಾಂತ ಹಿಡಿಯುತ್ತದೆ, ಕೆಲವರಿಗೆ ಮ್ಯಾರಥಾನ್ ಹಿಡಿಯುತ್ತದೆ. ನನಗೆ ಹಿಡಿದದ್ದು ನನ್ನದೇ ವಯಸ್ಸಿನ ಈ ಹಳೆಯ ಕಾರು. ಮೇಲ್ನೋಟಕ್ಕೆ ಮದುಮಗ, ಹೊಟ್ಟೆಯೊಳಗೆ ಮಾತ್ರ ತುಕ್ಕು. ವರ್ಷಗಟ್ಟಲೆ ನಿಂತಲ್ಲೇ ನಿಂತು ಅದರ ಪೆಟ್ರೋಲ್ ಟ್ಯಾಂಕು ಒಳಗೊಳಗೇ ಕೆಂಪಾಗಿ, ಆ ಕೆಂಪು ಪುಡಿ ಎಂಜಿನ್ನಿಗೆ ಹೋಗುವ ದಾರಿಗೆ ಅಡ್ಡ ಕೂತು, ಅಪ್ಪಿತಪ್ಪಿ ಹೊರಟರೂ ಸಿಗ್ನಲ್ಲು ಹಸಿರಾದ ಶುಭ ಮುಹೂರ್ತದಲ್ಲೇ ಕಾರು ಪ್ರಾಣ ಬಿಡುತ್ತಿತ್ತು. ಆ ಮಾಡೆಲ್ಲಿಗೆ ಹೊಸ ಟ್ಯಾಂಕನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ. ಸುಮನಾ ದಿನಾ ಬೆಳಗಾಗೆದ್ದು ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಮ್ಯಾನ್‌ಹಟನ್ನಿನ ರೈಲು ಹಿಡಿಯುವವಳು. ಹಿಂದಿನ ಚಳಿಗಾಲವೆಲ್ಲ ಗಾಜಿನ ಮೇಲಿನ ಐಸ್ ಕೆರೆದೂ ಕೆರೆದೂ ಸಾಕಾಗಿ ಆ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಳು.

“ಫಸ್ಟ್ ಸ್ನೋ ಬೀಳೋದ್ರೊಳಗೆ ಇದನ್ನ ಓಡೋ ಹಾಗೆ ಮಾಡಿ ಹೊರಗಡೆ ನಿಲ್ಸಿ. ಇಲ್ಲಾಂದ್ರೆ ಮಾರ್ಬಿಡಿ. ಈ ವಿಂಟರ್ ಗ್ಯಾರೇಜ್ ನಂದು.”

ಹಳೆಯ ಪೆಟ್ರೋಲನ್ನೆಲ್ಲ ಬಸಿದು, ಟ್ಯಾಂಕನ್ನು ಬಿಚ್ಚಿ, ಒಂದು ಶನಿವಾರ ಗ್ಯಾರೇಜಿನ ಬಾಗಿಲು ತೆರೆದು ಅದನ್ನು ಗಾಳಿಗೆ ಮಲಗಿಸಿದೆ. ಆಗ ನಡೆದದ್ದೇ ಬೇರೆ. ನೀವೂ ಬಲ್ಲಿರಿ, ಈ ಊರಿನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೇಳದೆ ಕೇಳದೆ ಹೋಗುವುದು ಕಳ್ಳತನಕ್ಕೆ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಮೊದಲು ಟೆಕ್ಸ್ಟು, ಆಮೇಲೆ ಕ್ಯಾಲೆಂಡರು, ಕೊನೆಗೆ ‘ನೆಕ್ಸ್ಟ್ ಮಂತ್ ನೋಡೋಣ’. ಮನೆಯಿಂದಲೇ ಕೆಲಸ ಮಾಡುವ ನನಗೆ ಪರದೆಯ ಚೌಕಗಳಲ್ಲಿ ಕಾಣುವ ಮುಖಗಳೇ ಬಂಧುಬಳಗ. ಆದರೆ ಕಾಯಿಲೆಯವರನ್ನು ನೋಡಿಬರಲು ಯಾರ ಅಪ್ಪಣೆ ಬೇಕು? ಕಾಯಿಲೆ ಟ್ಯಾಂಕಿನದಾದರೇನು! ಹಾಗೆ ನೋಡಲು ಬಂದ ಕನ್ನಡಿಗರು ಔಷಧಿ ಹೇಳದೆ ಎದ್ದುಹೋದದ್ದನ್ನು ನಾನಂತೂ ಕಂಡಿಲ್ಲ.

ಮೊದಲು ಬಂದವರು ಮೂಲೆಮನೆಯ ದಂತವೈದ್ಯ ಶ್ರೀಕಂಠ. ಫೋನಿನ ಟಾರ್ಚು ಹಾಕಿ ಟ್ಯಾಂಕಿನ ಬಾಯೊಳಗೆ ಇಣುಕಿ, “ಇದು ರೂಟ್ ಕೆನಾಲ್ ಕಣ್ರೀ. ಕ್ಲೀನ್ ಮಾಡಿ, ಡ್ರೈ ಮಾಡಿ, ಸೀಲ್ ಮಾಡಿ,” ಎಂದರು. ನಾಯಿಯನ್ನು ಅಡ್ಡಾಡಿಸುತ್ತಿದ್ದ ಹುಬ್ಬಳ್ಳಿಯ ಬಸವರಾಜ ನಾಯಿಸಮೇತ ಒಳನುಗ್ಗಿ, “ಒಳಗ ಒಂದ್ ಮುಷ್ಟಿ ನಟ್ಟು ಹಾಕಿ ಗಲಗಲ ಅಲ್ಲಾಡಸ್ರಿ, ತುಕ್ಕಿನಪ್ಪನೂ ಉದರತಾನ,” ಎಂದ. ಎದುರುಮನೆಯ ರಜಿಯಾ ನನಗಿಂತ ಕಿರಿಯರಾದರೂ ಬೀದಿಗೆಲ್ಲ ರಜಿಯಾ ಆಂಟಿ. ಮೈಸೂರಿನ ಅವರ ಅಮ್ಮ ತಾಮ್ರದ ಹಂಡೆಗೆ ಹುಣಸೆಹಣ್ಣು ಬಿಟ್ಟು ಬೇರೇನನ್ನೂ ಮುಟ್ಟಿಸುತ್ತಿರಲಿಲ್ಲವಂತೆ. ತಾಮ್ರವೇ ಬೇರೆ, ಕಬ್ಬಿಣವೇ ಬೇರೆ ಎಂದು ನಾನು ಲೋಹಶಾಸ್ತ್ರ ಬಿಚ್ಚುವಷ್ಟರಲ್ಲಿ ಅವರು ಹುಣಸೆಯ ಉಂಡೆಯನ್ನೇ ತಂದು ಕಿವುಚತೊಡಗಿದ್ದರು.

ಯಾರ ಮನಸ್ಸನ್ನೂ ನೋಯಿಸಲಾರದೆ ನಾನು ಮೂರೂ ಚಿಕಿತ್ಸೆಗಳನ್ನು ಒಟ್ಟಿಗೇ ಮಾಡಿದೆ. ಹುಣಸೆರಸ ಸುರಿದು, ನಟ್ಟು ತುಂಬಿ, ಟ್ಯಾಂಕನ್ನು ಹಳೆಯ ಕಂಬಳಿಯಲ್ಲಿಟ್ಟು ನಾಲ್ಕು ಮೂಲೆಗೆ ನಾಲ್ವರು ಹಿಡಿದು ತೂಗಿದೆವು, ಜೋಗುಳವೊಂದು ಬಾಕಿ. ಬೀದಿಯೆಲ್ಲ ಸಾರಿನ ವಾಸನೆ. ಆಶ್ಚರ್ಯವೆಂದರೆ ತುಕ್ಕು ಬಿಟ್ಟಿತು! ನೀರು ಹಾಯಿಸಿ ತೊಳೆದು, ಆ ಜಯೋತ್ಸಾಹದಲ್ಲಿ ಒಳಗೆ ಹೋಗಿ, ಸುಮನಾ ಮಾಡಿದ್ದ ಚಿತ್ರಾನ್ನವನ್ನು ಎಲ್ಲರೂ ಹರಟುತ್ತ ತಿಂದು ಬರುವಷ್ಟರಲ್ಲಿ ಒದ್ದೆ ಕಬ್ಬಿಣಕ್ಕೆ ಮತ್ತೆ ಹೊಸ ಕಿತ್ತಳೆ ಬಣ್ಣದ ತುಕ್ಕು ಅಡರಿತ್ತು. ತೊಳೆದ ಕೂಡಲೇ ಒಣಗಿಸಬೇಕಿತ್ತು. “ಡ್ರೈ ಮಾಡಿ ಅಂದಿದ್ನಲ್ರೀ!” ಎಂದು ಶ್ರೀಕಂಠ ತಲೆ ಚಚ್ಚಿಕೊಂಡರು, ಕೈಯಲ್ಲಿ ಇನ್ನೂ ಚಿತ್ರಾನ್ನದ ತಟ್ಟೆಯಿತ್ತು.

ನಾನು ದುಃಖಪಡಬೇಕಿತ್ತು. ನಿಜ ಹೇಳಲೇ? ಆ ತುಕ್ಕನ್ನು ಕಂಡು ನನಗೆ ಹಿಗ್ಗಾಯಿತು. ಮುಂದಿನ ಶನಿವಾರವೂ ಇವರೆಲ್ಲ ಬರುತ್ತಾರಲ್ಲ ಎಂಬ ಹಿಗ್ಗು. ಬಂದರು ಕೂಡ. ಅದರ ಮುಂದಿನ ವಾರವೂ ಬಂದರು. ಟ್ಯಾಂಕಿನ ವಿಷಯ ಐದು ನಿಮಿಷದಲ್ಲಿ ಮುಗಿದು, ಮಿಕ್ಕ ಹೊತ್ತೆಲ್ಲ ಬಸವರಾಜನ ಮಂಡಿನೋವು, ರಜಿಯಾ ಆಂಟಿಯ ಮಗಳ ಮದುವೆಯ ಚಿಂತೆ.

ಆದರೆ ಕೆಲಸವೆಂಬುದು ಎಷ್ಟು ಎಳೆದರೂ ಒಂದು ದಿನ ಮುಗಿದೇ ತೀರುವ ದುಷ್ಟ ಪದಾರ್ಥ. ಸುಮನಾಳ ಹೇರ್ ಡ್ರೈಯರಿನಿಂದ ಟ್ಯಾಂಕು ಒಣಗಿತು, ಒಳಗೋಡೆಗೆ ಲೇಪ ಹತ್ತಿತು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗಿಗೆ ಮೊದಲೇ ಕಾರು ಗುಡುಗಿ ಹೊರಟಿತು. ಎಲ್ಲರೂ ಹತ್ತಿ ಬಡಾವಣೆಯನ್ನು ಒಂದು ಸುತ್ತು ಹಾಕಿ, ಚಪ್ಪಾಳೆ ತಟ್ಟಿ ಮನೆಗೆ ಹೋದರು. ಒಪ್ಪಂದದಂತೆ ನನ್ನ ಕಾರು ಹೊರಗೆ ಬಂತು, ಸುಮನಾಳದು ಒಳಗೆ ಹೋಯಿತು, ಗ್ಯಾರೇಜಿನ ಬಾಗಿಲು ಮುಚ್ಚಿತು.

ಮರುವಾರ ಯಾರೂ ಬರಲಿಲ್ಲ. ಅದರ ಮರುವಾರವೂ ಇಲ್ಲ. ವಾಸಿಯಾದವರನ್ನು ನೋಡಲು ಯಾರು ಬರುತ್ತಾರೆ? ನನಗೆ ಬಹಳ ಬೇಜಾರಾಯಿತು. ಯಾರೂ ಆಟಕ್ಕೆ ಬರಲಿಲ್ಲವೆಂದು ಅರವತ್ತರ ಹೊಸಿಲಲ್ಲಿರುವ ಗಂಡಸು ಹೆಂಡತಿಯೆದುರು ಹೇಗೆ ಅಳುವುದು? ಸುಮ್ಮನೆ ಕಿಟಕಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಡಿಸೆಂಬರಿನ ಒಂದು ಶನಿವಾರ ಏಳುವಾಗ ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಡ್ರೈವ್‌ವೇಯಲ್ಲಿ ಬೆಳ್ಳಗಾಗುತ್ತಿದ್ದದ್ದು ಸುಮನಾಳ ಕಾರು. ಗಾಬರಿಯಿಂದ ಕೆಳಗಿಳಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ನನ್ನ ಕಾರು ನಿಂತಿತ್ತು. ಸುಮನಾ ಕೋಟು ತೊಟ್ಟು ಮಡಚುವ ಕುರ್ಚಿಗಳನ್ನು ಬಿಡಿಸಿಡುತ್ತಿದ್ದಳು.

“ಬ್ರೇಕ್‌ನಿಂದ ಏನೋ ಸೌಂಡ್ ಬರ್ತಿದೆ ಅಂತ ನಮ್ಮ ಬೀದಿ ವಾಟ್ಸಾಪ್ ಗ್ರೂಪಲ್ಲಿ ಹಾಕಿದೀನಿ,” ಎಂದಳು.

“ಬರ್ತಿದ್ಯಾ?”

“ನಂಗೇನ್ ಗೊತ್ತು? ಎಲ್ರಿಗೂ ಆಗೋಷ್ಟು ಡಿಕಾಕ್ಷನ್ ಇಳಿಸಿದೀನಿ. ಅವ್ರು ಬರೋದ್ರೊಳಗೆ ಒಂದು ವೀಲ್ ಬಿಚ್ಚಿಡಿ.”