ಟೀಚರ್ರ ಬಸ್ಸು

ಮಕ್ಕಳಿಗೆ ಓದಿದ್ದು ನೆನಪಿರುವುದಿಲ್ಲ ಎಂದು ದೂರುವ ನಾವು, ನೆನಪಿಟ್ಟುಕೊಳ್ಳುವುದು ಹೇಗೆಂದು ಅವರಿಗೆ ಯಾವತ್ತಾದರೂ ಕಲಿಸಿದ್ದೇವೆಯೇ?

ಈ ಪ್ರಶ್ನೆಯನ್ನು ನಮ್ಮ ಅಧ್ಯಾಪಕರ ಕೋಣೆಯಲ್ಲಿ ಮೊದಲು ಎತ್ತಿದವನು ನಾನು. ಬೈಂದೂರಿನ ಪ್ರೌಢಶಾಲೆಯೊಂದಕ್ಕೆ ಸಮಾಜ ವಿಜ್ಞಾನದ ಅಧ್ಯಾಪಕನಾಗಿ ಸೇರಿದ 1997ರ ಮಾತು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಹೇಳಿಕೊಳ್ಳಲು ನನಗೆ ಹೆಚ್ಚೇನೂ ಉಳಿಯುವುದಿಲ್ಲ.

ಉತ್ತರವೂ ನನ್ನಲ್ಲಿತ್ತು. ಕುಂದಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಸಿದ್ಧನಾಗುವಾಗ ಬ್ರಹ್ಮಾವರದ ನಮ್ಮ ಮನೆಯೊಳಗೆ ಮನಸ್ಸಿನಲ್ಲೇ ನಡೆದಾಡುತ್ತಿದ್ದೆ. ಜಗಲಿಯಲ್ಲಿ ಮೊದಲ ವಾದ, ಚಾವಡಿಯಲ್ಲಿ ಎರಡನೆಯದು, ಅಡುಗೆಮನೆಯಲ್ಲಿ ಉದಾಹರಣೆ, ಬಚ್ಚಲಲ್ಲಿ ಎದುರಾಳಿಗೆ ಕೊಡಬೇಕಾದ ಉತ್ತರ. ವೇದಿಕೆ ಏರಿದ ಮೇಲೆ ಅದೇ ದಾರಿಯಲ್ಲಿ ನಡೆದು ಒಂದೊಂದನ್ನೇ ಎತ್ತಿಕೊಂಡರಾಯಿತು. ಬಾಯಿಪಾಠದ ಹಿಂಸೆಯಿಂದ ಮಕ್ಕಳನ್ನು ಬಿಡಿಸಬೇಕೆಂಬ ಹಂಬಲದಿಂದ ಆ ಮನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದು, ಹತ್ತನೆಯ ತರಗತಿಗೆ ಕಲಿಸತೊಡಗಿದೆ. ಹಲವರು ಕಲಿತರು. ಒಬ್ಬ ಹುಡುಗಿ ಮಾತ್ರ ಕಲಿಯಲಿಲ್ಲ.

ಬೈಂದೂರಿನ ಬಾಡಿಗೆ ಕೋಣೆ ಬಿಟ್ಟು ತಾಯಿಯೊಂದಿಗೆ ನಾವುಂದ ಎಂಬ ಊರಿಗೆ ಹೋದ ಮೇಲೂ ಅವಳು ಬಸ್ಸು ಹಿಡಿದು ನಮ್ಮ ಶಾಲೆಗೇ ಬರುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫೇಲಾದದ್ದು ನನ್ನ ವಿಷಯವೊಂದರಲ್ಲೇ. ತಾಯಿ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದವರು. ಈ ಸಲ ಪಾಸಾಗದಿದ್ದರೆ ಮಗಳನ್ನೂ ಅಲ್ಲಿಗೇ ಕರೆದೊಯ್ಯುವುದೆಂದು ಶಾಲೆಗೆ ಬಂದು ಹೇಳಿ ಹೋಗಿದ್ದರು. ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹುಡುಗಿಯನ್ನು ದಾಟಿಸುತ್ತೇನೆಂಬ ಹಟ ಬಂತು.

ಒಂದು ಮಧ್ಯಾಹ್ನ ಅಧ್ಯಾಪಕರ ಕೋಣೆಗೆ ಅವಳನ್ನು ಕರೆದು, 1857ರ ದಂಗೆಯ ಕಾರಣಗಳಲ್ಲಿ ಜಗಲಿಯ ಮೇಲೆ ಇಟ್ಟದ್ದು ಯಾವುದೆಂದು ಕೇಳಿದೆ. ಅವಳು ನೆಲ ನೋಡುತ್ತ ನಿಂತಳು. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ಟೀಚರ್, ಬಿಜೂರಿನವರು, ತಲೆ ಎತ್ತದೆಯೇ ಹುಡುಗಿಯನ್ನು ಕೇಳಿದರು:

“ನಿನ್ನ ಮನಿಗೆ ಜಗ್ಲಿ ಇತ್ತಾ ಹೆಣೆ?”

“ಇಲ್ಲೆ ಟೀಚರ್. ಇಪ್ಪುದೇ ಒಂದ್ ಕೋಣಿ. ಸರ್ ಮನಿ ನಾನ್ ಕಂಡದ್ದೂ ಇಲ್ಲೆ.”

“ಬಪ್ಪುದ್ ಬಸ್ಸಂಗಲ್ದಾ? ಸ್ಟಾಪ್ ಹೇಳ್ ಕಾಂಬ.”

ನಾವುಂದ, ಕಿರಿಮಂಜೇಶ್ವರ, ನಾಗೂರು, ಕಂಬದಕೋಣೆ, ಉಪ್ಪುಂದ, ಯಡ್ತರೆ. ದಿನವೂ ಬರುವ ದಾರಿಯ ಸ್ಟಾಪುಗಳನ್ನು ಕಂಡಕ್ಟರನ ರಾಗದಲ್ಲೇ ಹೇಳಿ ಮುಗಿಸಿದಳು. ಒಂದೊಂದು ಸ್ಟಾಪಿನಲ್ಲಿ ಒಂದೊಂದು ಕಾರಣವನ್ನು ಹತ್ತಿಸೋಣ ಎಂದರು ಟೀಚರ್. ಬಸ್ಸಿನ ದಾರಿಗೆ ಮನೆಯ ಭದ್ರತೆಯಿಲ್ಲ ಎಂಬುದೂ ಸೇರಿದಂತೆ ನನ್ನಲ್ಲಿ ಹಲವು ಆಕ್ಷೇಪಗಳಿದ್ದವು, ಒಳ್ಳೆಯ ಆಕ್ಷೇಪಗಳೇ. ಆದರೆ ನಾನು ಅವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕುಳಿತಾಗಿತ್ತು. ನಾವುಂದದಲ್ಲಿ ದತ್ತುಮಗನನ್ನು ಸೊಂಟಕ್ಕೇರಿಸಿಕೊಂಡ ರಾಣಿ ಬಸ್ಸು ಹತ್ತಿದಳು. ನಾಗೂರಿನಲ್ಲಿ ಮಗ್ಗ ಕಳೆದುಕೊಂಡ ನೇಕಾರ. ಉಪ್ಪುಂದದಲ್ಲಿ ತೋಟಾ ಕಚ್ಚಲು ಒಪ್ಪದ ಸಿಪಾಯಿ, ಅವನಲ್ಲಿ ಟಿಕೆಟಿಲ್ಲ. ಹುಡುಗಿ ನಗುತ್ತಿದ್ದಳು. ನನ್ನ ತರಗತಿಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಪುಸ್ತಕ ಮುಚ್ಚಿಸಿ ಮರುದಿನ ಕೇಳಿದರು, ಎರಡು ದಿನ ಬಿಟ್ಟು ಮತ್ತೆ ಕೇಳಿದರು, ಆಮೇಲೆ ಯಡ್ತರೆಯಿಂದ ಹಿಂದಕ್ಕೆ ಹೇಳಿಸಿದರು. ತಪ್ಪಿದರೆ ಬೈಯದೆ, ಆ ಸ್ಟಾಪಿನಲ್ಲಿ ಇನ್ನೂ ವಿಚಿತ್ರವಾದವರನ್ನು ಹತ್ತಿಸಿದರು. ವಾರ ಕಳೆಯುವುದರೊಳಗೆ ಶಿರೂರಿನ ಮಕ್ಕಳು ತಮ್ಮ ದಾರಿಯ ಬಸ್ಸು ಹೊರಡಿಸಿದರು; ನಡೆದು ಬರುವವರು ಗದ್ದೆಯ ಅಂಚಿನಲ್ಲೇ ಪಾಠ ಇಟ್ಟುಕೊಂಡರು. ಎಲ್ಲದಕ್ಕೂ ಒಂದೇ ಹೆಸರು: ಟೀಚರ್ರ ಬಸ್ಸು. ಕಪ್ಪುಹಲಗೆಯ ಮೇಲಿನ ನನ್ನ ಮನೆಯನ್ನು ಯಾರೋ ಒರೆಸಿ ಅಲ್ಲಿ ಲೆಕ್ಕ ಬರೆದಿದ್ದರು.

ಫಲಿತಾಂಶ ಬಂದ ದಿನ ಹುಡುಗಿ ಲಾಡಿನ ಪೊಟ್ಟಣ ಹಿಡಿದು ಬಂದಳು. ಬಾಗಿಲಲ್ಲಿ ಎದುರಾದವನು ನಾನೇ.

“ಸರ್, ಪಾಸಾಯ್ತ್.”

ಉಪ್ಪುಂದದಲ್ಲಿ ಹತ್ತಿದ್ದು ಯಾರೆಂದು ಕೇಳಿದೆ.

“ಸಿಪಾಯಿ. ಟಿಕೆಟ್ ಇಲ್ದೆ.” ಪೊಟ್ಟಣವನ್ನು ಬಿಚ್ಚದೆ, ನನ್ನ ಭುಜದಾಚೆ ಇಣುಕಿದಳು. “ಟೀಚರ್ ಎಲ್ಲಿದ್ರ್ ಸರ್?”

ಒಳಗಿದ್ದಾರೆಂದು ಕೈ ತೋರಿಸಿದೆ. ಅವಳು ಫ್ಯಾಕ್ಟರಿಗೆ ಹೋಗಬೇಕಾಗಿಲ್ಲ ಎಂಬ ಸಂತೋಷ ನಿಜವಾದದ್ದು. ಎದೆಯಲ್ಲಿ ಉರಿದದ್ದೂ ಅಷ್ಟೇ ನಿಜ.

ಮರುವರ್ಷ ಕುಂದಾಪುರದಲ್ಲಿ ಅಧ್ಯಾಪಕರ ಕಾರ್ಯಾಗಾರ ನಡೆದಾಗ ಆ ಕ್ರಮದ ಕುರಿತು ಮಾತಾಡಲು ಕರೆದದ್ದು ಟೀಚರನ್ನು. ವೇದಿಕೆಯನ್ನೇ ಕಾಣದವರು ತಡವರಿಸಲಿ ಎಂದು ಕಾದು ಕುಳಿತೆ. ತಡವರಿಸಿದರು ಕೂಡ, ಸಭೆಗೆ ಅದೂ ಇಷ್ಟವಾಯಿತು. ಕೊನೆಯಲ್ಲಿ ನನ್ನತ್ತ ಬೆರಳು ಮಾಡಿ ಹೇಳಿದರು: “ಮನಿ ಕಟ್ಟಿದ್ದ್ ಸರ್. ನಾನ್ ಬಸ್ ಬಿಟ್ಟದ್ದ್ ಅಷ್ಟೇ.”

ಚಪ್ಪಾಳೆ ಬಿತ್ತು, ಅವರಿಗೆ. ನನ್ನ ಪಾಲನ್ನು ಮುಚ್ಚಿಟ್ಟಿದ್ದರೆ ಖಂಡಿಸಲು ನನ್ನಲ್ಲಿ ವಾದಗಳಿದ್ದವು. ಕೊಟ್ಟುಬಿಟ್ಟವರ ಎದುರು ಏನು ವಾದಿಸುವುದು?

ಅವರು ವರ್ಗವಾಗಿ ಕೋಟದ ಕಡೆಗೆ ಹೋಗಿ ವರ್ಷಗಳೇ ಆದವು. 2010 ದಾಟಿದ ಮೇಲೂ ಪ್ರತಿ ಜೂನಿನಲ್ಲಿ ಹೊಸ ಮಕ್ಕಳಿಗೆ ಆ ಕ್ರಮವನ್ನು ಕಲಿಸುತ್ತಿದ್ದವನು ನಾನು. ಅಕ್ಕಂದಿರಿಂದ ಹೆಸರು ಕೇಳಿ ಬಂದ ಮಕ್ಕಳು ಅದನ್ನು ಕರೆಯುತ್ತಿದ್ದುದು ಟೀಚರ್ರ ಬಸ್ಸು ಎಂದೇ. ತಿದ್ದಬೇಕೆಂದು ನಾಲಗೆಯ ತುದಿಗೆ ಬರುತ್ತಿತ್ತು. ಆದರೆ ನನ್ನ ಮನೆಯೊಳಗೆ ದಾರಿ ಕಾಣದೆ ನಿಂತ ಹುಡುಗಿಯ ನೆನಪಾಗಿ ಸುಮ್ಮನಾಗುತ್ತಿದ್ದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇಂದು ಸಂಜೆ ನಿಮ್ಮ ಮಗುವಿನ ಪುಸ್ತಕ ಮುಚ್ಚಿಸಿ, ಅದು ದಿನವೂ ನಡೆಯುವ ದಾರಿ ಯಾವುದೆಂದು ಕೇಳಿ. ಪಾಠವನ್ನು ಆ ದಾರಿಯಲ್ಲಿ ಇಡಿಸಿ. ನಾಳೆ ಮತ್ತೆ ಕೇಳಿ. ನಿಮ್ಮ ದಾರಿಯನ್ನು ಮಾತ್ರ ಕೊಡಬೇಡಿ.